ನಮ್ಮ ಕಾಲುದಾರಿಯೂ ಗ್ರಾಮ ಪಂಚಾಯ್ತಿಯೂ



ಈ ಸಲದ ಗೋಡೆ ಪತ್ರಿಕೆಗೆ ಗ್ರಾಮ ಪಂಚಾಯ್ತಿ ಬಗ್ಗೆ ಬರೀತೀನಿ ಅಂದಾಗ ಗೆಳತಿಯರು ನಕ್ಕರು. "ಅದು ಸಮಾಜ ಪುಸ್ತಕದಲ್ಲೇ ಇದೆಯಲ್ಲೇ, ಎರಡು ಅಂಕದ ಪ್ರಶ್ನೆ" ಅಂದರು. ಇದೆ, ನಿಜ. ಸದಸ್ಯರು ಎಷ್ಟು, ಅವಧಿ ಎಷ್ಟು, ಮೀಸಲಾತಿ ಎಷ್ಟು ಅಂತ ಇದೆ. ಆದರೆ ನಮ್ಮ ಕೆಳಗಿನ ಕೇರಿಯ ಕಾಲುದಾರಿ ಯಾಕೆ ಮುಚ್ಚಿಹೋಯಿತು, ಅದನ್ನು ತೆರೆಸೋದು ಯಾರ ಕೈಲಿದೆ ಅನ್ನೋದು ಪುಸ್ತಕದಲ್ಲಿ ಇಲ್ಲ. ಅದನ್ನು ತಿಳ್ಕೊಳ್ಳೋಕೆ ನನಗೆ ಒಂದು ವರ್ಷ ಹಿಡೀತು.

ಮೇಲಿನ ಕೇರಿಯವರಿಗೆ ಆ ದಾರಿ ಗೊತ್ತಿರಲಿಕ್ಕಿಲ್ಲ. ನಮ್ಮ ಕೇರಿ ಹಿಂದಿನ ಹುಣಸೆ ಮರದಿಂದ ಹೊರಟು, ಹಳ್ಳ ದಾಟಿ, ಒಂದು ರಾಗಿ ಹೊಲದ ಬದುವಿನ ಮೇಲೆ ಬಂದು ಶಾಲೆಯ ಹಿಂದಿನ ಗೇಟಿಗೆ ಸೇರ್ತಿತ್ತು. ಹತ್ತೇ ನಿಮಿಷ. ನಮ್ಮ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದೇ ದಾರೀಲಿ ಸಂತೆಗೆ ಹೋಗ್ತಿದ್ದಳಂತೆ. 2024ರ ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಹೊಲದಲ್ಲಿ ಮನೆಯ ಪಾಯ ಎದ್ದಿತ್ತು. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಅಂದಿನಿಂದ ನಾವು ಟಾರು ರಸ್ತೆ ಸುತ್ತಿ ಬರಬೇಕಾಯಿತು, ಅರ್ಧ ಗಂಟೆ. ನಡೆಯೋದೇನು ದೊಡ್ಡದಲ್ಲ. ಆದರೆ ಆ ರಸ್ತೇಲಿ ಜಲ್ಲಿ ಲಾರಿಗಳು ಓಡಾಡ್ತವೆ, ತಿರುವಿನ ಹತ್ತಿರ ಪಕ್ಕಕ್ಕೆ ಸರಿಯೋಣ ಅಂದರೆ ಕಾಲಿಡೋಕೆ ಜಾಗವಿಲ್ಲ. ಆ ಜುಲೈನಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ಲಾರಿಗೆ ಹೆದರಿ ಚರಂಡಿಗೆ ಬಿದ್ದು ಕೈ ಮುರ್ಕೊಂಡ. ಅವರವ್ವ ಎಷ್ಟೋ ದಿನ ಅವನನ್ನ ಸ್ಕೂಲಿಗೇ ಕಳಿಸಲಿಲ್ಲ.

ಮನೆ ಕಟ್ಟುತ್ತಿದ್ದವರು ಹೊರಗಿನವರಲ್ಲ. ನಾವು ದೊಡ್ಡಪ್ಪ ಅಂತ ಕರೆಯೋರು. ಅವರನ್ನ ಬಯ್ಯೋಕೆ ಇದನ್ನ ಬರೀತಿಲ್ಲ. ಅಪ್ಪ ಹೋಗಿ ಕೇಳಿದ್ದಕ್ಕೆ ಅವರು ಒಳಗಿಂದ ಒಂದು ಕಾಗದ ತಂದು ತೋರಿಸಿದರು. "ನೋಡಪ್ಪಾ, ಪಂಚಾಯ್ತೀಲಿ ಲೈಸೆನ್ಸ್ ತಗೊಂಡೇ ಕಟ್ಟಿಸ್ತಿರೋದು." ಅಪ್ಪ ಸುಮ್ಮನೆ ವಾಪಸ್ ಬಂದರು. ನನಗೆ ಮಾತ್ರ ಪಂಚಾಯ್ತಿ ಮೇಲೆ ಸಿಟ್ಟು ಬಂತು. ಮಕ್ಕಳು ಓಡಾಡೋ ದಾರಿ ಮೇಲೆ ಮನೆ ಕಟ್ಟಿ ಅಂತ ಬರೆದುಕೊಡೋದಾ?

ಈ ಲೈಸೆನ್ಸ್ ಅಂದರೆ ಏನು ಅಂತ ಮೊದಲು ಹೇಳ್ತೀನಿ. ನಮ್ಮ ರಾಜ್ಯದಲ್ಲಿ ಪಂಚಾಯ್ತಿಗಳು ನಡೆಯೋದು 1993ರ ಕಾಯ್ದೆಯ ಪ್ರಕಾರ. ಅದರ ಪ್ರಕಾರ ಪಂಚಾಯ್ತಿಯ ಅನುಮತಿ ಇಲ್ಲದೆ ಹಳ್ಳೀಲಿ ಯಾರೂ ಮನೆ ಕಟ್ಟೋ ಹಾಗಿಲ್ಲ. ಅರ್ಜಿ ಜೊತೆ ಜಾಗದ ಕಾಗದ, ಮನೆಯ ನಕ್ಷೆ ಕೊಟ್ಟು ಶುಲ್ಕ ಕಟ್ಟಬೇಕು. ಜಾಗದ ಕಾಗದ ಅಂದರೆ ಮುಖ್ಯವಾಗಿ ನಮೂನೆ 9 ಮತ್ತು ನಮೂನೆ 11. ಇವನ್ನ 2013ರಿಂದ ಇ-ಸ್ವತ್ತು ಅನ್ನೋ ಕಂಪ್ಯೂಟರ್ ವ್ಯವಸ್ಥೇಲಿ ಕೊಡ್ತಾರೆ. ಜಾಗ ಊರಿನ ಗ್ರಾಮಠಾಣದ ಒಳಗಿದ್ದರೆ ಒಂದು ರೀತಿ. ಹೊಲವಾಗಿದ್ದರೆ ಮೊದಲು ಅನ್ಯಕ್ರಾಂತ ಮಾಡಿಸಬೇಕು, ಅಂದರೆ ಇದು ಇನ್ನು ಮೇಲೆ ಉಳೋ ಜಮೀನಲ್ಲ ಅಂತ ಕಂದಾಯ ಇಲಾಖೆ ಒಪ್ಪಬೇಕು. ದೊಡ್ಡಪ್ಪ ಇದೆಲ್ಲ ಮಾಡಿಸಿದ್ದರು. ಅವರ ಕಾಗದಗಳಲ್ಲಿ ಹುಳುಕೇ ಇರಲಿಲ್ಲ. ನಮ್ಮ ದಾರಿ ಮಾತ್ರ ಆ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನ ಆಫೀಸಿನವರು ಹೇಗೆ ನೋಡ್ತಾರೆ? ಇದು ನನಗೆ ಹೊಳೆಯೋಕೆ ಬಹಳ ದಿನ ಬೇಕಾಯ್ತು.

ಪಂಚಾಯ್ತಿ ಚರಿತ್ರೆ ಇಲ್ಲಿ ಸ್ವಲ್ಪವೇ ಹೇಳ್ತೀನಿ, ಪರೀಕ್ಷೆಗೂ ಆಗುತ್ತೆ. ಮುಂಚೆ ಮಂಡಲ ಪಂಚಾಯ್ತಿ ಇತ್ತು. 1983ರ ಕಾಯ್ದೆಯಂತೆ ಅದಕ್ಕೆ 1987ರಲ್ಲಿ ಚುನಾವಣೆ ನಡೀತು. ಅದನ್ನ ತಂದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂತಲೇ ಕರೀತಿದ್ದರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ಕಾಯ್ದೆ ಬಂದವು. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ಸದಸ್ಯರಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಇಷ್ಟು ಸಾಕು.

ಆಗಸ್ಟ್‌ನಲ್ಲಿ ನಾವು ಆರು ಜನ ಮಕ್ಕಳು ಸೇರಿ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟೆವು. ಏನೂ ಆಗಲಿಲ್ಲ. ಅಕ್ಟೋಬರಲ್ಲಿ ಹೋಗಿ ಕೇಳಿದರೆ "ಯಾವ ಅರ್ಜಿ?" ಅಂದರು. ಸಮಾಜದ ಮೇಷ್ಟ್ರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಸ್ವೀಕೃತಿ ತಗೊಂಡ್ರಾ?" ಅಂದರೆ ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು, ಸಹಿ. ನಾವು ತಗೊಂಡಿರಲಿಲ್ಲ. ನಮ್ಮ ಅರ್ಜಿ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಇದನ್ನ ಓದೋರು ಮುಂದೆ ಎಲ್ಲೇ ಅರ್ಜಿ ಕೊಟ್ಟರೂ ಎರಡು ಪ್ರತಿ ಬರ್ಕೊಂಡು ಹೋಗಿ.

ಮೇಷ್ಟ್ರೇ ಇನ್ನೊಂದು ದಾರಿ ಹೇಳಿದರು. ಪಂಚಾಯ್ತೀಲಿ ಮೂರು ಥರ ಸಭೆ ಇವೆ. ಸದಸ್ಯರು ಮಾತ್ರ ಕೂತು ತೀರ್ಮಾನ ಮಾಡೋದು ಸಾಮಾನ್ಯ ಸಭೆ. ಒಂದೊಂದು ವಾರ್ಡಿನ ಮತದಾರರು ಸೇರೋದು ವಾರ್ಡ್ ಸಭೆ. ಇಡೀ ಪಂಚಾಯ್ತಿಯ ಮತದಾರರೆಲ್ಲ ಸೇರೋದು ಗ್ರಾಮಸಭೆ, ಅದು ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು. ಬೀದಿ ದೀಪ, ಚರಂಡಿ, ಮನೆ ಹಂಚಿಕೆ ಎಲ್ಲದರ ಪಟ್ಟಿ ವಾರ್ಡ್ ಸಭೇಲಿ ಶುರುವಾಗಿ ಗ್ರಾಮಸಭೆಗೆ ಬಂದು, ಅಲ್ಲಿಂದ ವರ್ಷದ ಕ್ರಿಯಾ ಯೋಜನೆ ಆಗುತ್ತೆ. ನಮ್ಮೂರಲ್ಲಿ ವಾರ್ಡ್ ಸಭೆಗೆ ಹೋಗೋರು ಬಹಳ ಕಡಿಮೆ. ಆಮೇಲೆ "ನಮ್ಮ ಕೇರಿಗೆ ಏನೂ ಮಾಡಲಿಲ್ಲ" ಅಂತ ಜಗಲಿ ಮೇಲೆ ಕೂತು ಬಯ್ಯೋರು ಮಾತ್ರ ಬಹಳ. (ನಮ್ಮ ಅಪ್ಪನೂ ಅದರಲ್ಲಿ ಒಬ್ಬರು. ಅವರು ಇದನ್ನ ಓದೋದಿಲ್ಲ ಅಂದ್ಕೊಂಡಿದೀನಿ.)

ನಮಗೆ ಓಟಿಲ್ಲ, ಹಾಗಾಗಿ ಅಲ್ಲಿ ನಮ್ಮ ಮಾತು ಬರೆಸೋದು ಕಷ್ಟ. ಆದರೆ ಮಕ್ಕಳಿಗಾಗಿಯೇ ವರ್ಷಕ್ಕೊಂದು ಮಕ್ಕಳ ಗ್ರಾಮಸಭೆ ಇದೆ. 1990ರ ದಶಕದಲ್ಲೇ ಕುಂದಾಪುರದ ಕಡೆ ಮಕ್ಕಳ ಪಂಚಾಯತ್ ಅಂತ ಮಾಡಿ, ಸೌದೆ ಹೊರೋ ಮಕ್ಕಳು, ದನ ಕಾಯೋ ಮಕ್ಕಳೆಲ್ಲ ಸೇರಿ ತಮ್ಮೂರಿನ ಕಾಲುಸಂಕ, ನೀರು, ಶಾಲೆ ವಿಷಯ ಮಾತಾಡ್ತಿದ್ದರಂತೆ. ಆಮೇಲೆ ಸರ್ಕಾರವೇ ಎಲ್ಲಾ ಗ್ರಾಮ ಪಂಚಾಯ್ತೀಲೂ ಮಕ್ಕಳ ಸಭೆ ನಡೆಸಬೇಕು ಅಂತ ಆದೇಶ ಮಾಡ್ತು.

ನಮ್ಮಲ್ಲಿ ಅದು 2024ರ ನವೆಂಬರಲ್ಲಿ ನಡೀತು, ಇದೇ ಶಾಲೆಯ ಮೈದಾನದಲ್ಲಿ. ಶಾಮಿಯಾನ, ಬಿಸ್ಕತ್ತು, ಒಂದು ಸ್ವಾಗತ ಗೀತೆ, ಭಾಷಣಗಳು ಎಲ್ಲ ಆದ ಮೇಲೆ "ಮಕ್ಕಳು ಮಾತಾಡಿ" ಅಂದರು. ಒಬ್ಬ ಹುಡುಗ ಆಟದ ಸಾಮಾನು ಕೇಳಿದ. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಅಂತ ಗೆಳತಿ ಹೇಳಿದಳು, ಅದು ಹದಿನೈದು ದಿನದಲ್ಲಿ ಸರಿಹೋಯ್ತು. ನನ್ನ ಸರದಿ ಬಂದಾಗ ಗಂಟಲು ಒಣಗಿಹೋಯ್ತು. ಎದುರಿಗೆ ದೊಡ್ಡಪ್ಪನೂ ಕೂತಿದ್ದರು. ಬರ್ಕೊಂಡ ಚೀಟಿಯನ್ನ ತಲೆ ಎತ್ತದೆ ಓದಿಬಿಟ್ಟೆ. ಕೊನೇಲಿ "ಇದನ್ನ ನಡಾವಳಿ ಪುಸ್ತಕದಲ್ಲಿ ಬರೀಬೇಕು" ಅಂದೆ. ಅಧ್ಯಕ್ಷಮ್ಮ ನಕ್ಕು, "ಬರ್ಕೊಳ್ಳಿ ಸಾರ್, ಹುಡುಗಿ ಬಿಡೋದಿಲ್ಲ" ಅಂತ ಪಿಡಿಒ ಸಾಹೇಬರಿಗೆ ಹೇಳಿದರು. ಪಿಡಿಒ ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಸದಸ್ಯರು ತೀರ್ಮಾನ ಮಾಡಿದ್ದನ್ನ ನಡೆಸೋರು ಅವರು.

ಬರೆದ ಮೇಲೆ ಉತ್ತರ ಕೊಡಲೇಬೇಕಲ್ಲ. ಡಿಸೆಂಬರಲ್ಲಿ ಪಿಡಿಒ ಸಾಹೇಬರು ಮೇಷ್ಟ್ರ ಜೊತೆ ನಮ್ಮನ್ನ ಆಫೀಸಿಗೆ ಕರೆಸಿ ಗ್ರಾಮ ನಕಾಶೆ ತೋರಿಸಿದರು. ನಾನು ಮೊದಲ ಸಲ ನಮ್ಮೂರನ್ನ ಕಾಗದದ ಮೇಲೆ ನೋಡಿದ್ದು. ಪ್ರತಿ ಸರ್ವೆ ನಂಬರಿಗೂ ಗೆರೆ ಎಳೆದಿದ್ದಾರೆ. ಕೆರೆ, ಹಳ್ಳ, ಸ್ಮಶಾನ, ಗೋಮಾಳ ಎಲ್ಲಾ ಇದೆ. ಬಂಡಿದಾರಿಗೆ ಜೋಡಿ ಗೆರೆ, ಕಾಲುದಾರಿಗೆ ಒಂಟಿ ಚುಕ್ಕೆ ಗೆರೆ. ನಮ್ಮ ಹುಣಸೆ ಮರದ ಜಾಗದಿಂದ ಜೋಡಿ ಗೆರೆ ಹೊರಟು ಹಳ್ಳದವರೆಗೆ ಬಂದಿತ್ತು. ನನಗೆ ಕುಣಿಯೋ ಹಾಗಾಯ್ತು. ಆದರೆ ಹಳ್ಳ ದಾಟಿದ ಮೇಲೆ ಗೆರೆ ಶಾಲೆ ಕಡೆ ತಿರುಗದೆ ನೇರ ಪಕ್ಕದ ಊರಿಗೆ ಹೋಗಿತ್ತು. ಹಳ್ಳದಿಂದ ಶಾಲೆವರೆಗಿನ ಬದುವಿನ ದಾರಿ ನಕಾಶೇಲಿ ಇಲ್ಲವೇ ಇಲ್ಲ!

ಇದರ ಅರ್ಥ ಪಿಡಿಒ ಸಾಹೇಬರು ಬಿಡಿಸಿ ಹೇಳಿದರು. ಸರ್ವೆ ಲೆಕ್ಕದಲ್ಲಿ ಖರಾಬು ಅಂತ ಬರೆದಿರೋ ಜಮೀನಿಗೆ ಎರಡು ಬಗೆ. 'ಎ' ಖರಾಬು ಅಂದರೆ ಕಲ್ಲು ಬಂಡೆಯಂಥ, ಉಳೋಕೆ ಬಾರದ ಜಾಗ. 'ಬಿ' ಖರಾಬು ಅಂದರೆ ದಾರಿ, ಹಳ್ಳ, ಕೆರೆಯಂಥ ಎಲ್ಲರಿಗೂ ಸೇರಿದ ಜಾಗ, ಅದನ್ನ ಯಾರೂ ತಮ್ಮದು ಅನ್ನೋ ಹಾಗಿಲ್ಲ. ನಮ್ಮ ದಾರಿಯ ಮೊದಲರ್ಧ 'ಬಿ' ಖರಾಬು. ಅಲ್ಲಿ ಯಾರೋ ಬೇಲಿ ಒತ್ತಿ ದಾರಿ ಕಿರಿದು ಮಾಡಿದ್ದರು. ಅದನ್ನ ತಹಸೀಲ್ದಾರರಿಗೆ ಬರೆದು ಸರ್ವೆಯವರಿಂದ ಅಳತೆ ಮಾಡಿಸಿ ಬಿಡಿಸಬಹುದು. ಉಳಿದರ್ಧ ದೊಡ್ಡಪ್ಪನ ಹಿಡುವಳಿ. ಇಷ್ಟು ವರ್ಷ ನಾವು ನಡೆದದ್ದು ಅವರಪ್ಪ, ಅವರಜ್ಜ ಸುಮ್ಮನೆ ಬಿಟ್ಟಿದ್ದಕ್ಕೆ. ಬಹಳ ಕಾಲ ನಡೆದ ದಾರಿಗೆ ಅನುಭೋಗದ ಹಕ್ಕು ಅಂತ ಇದೆ, ಆದರೆ ಅದನ್ನ ತೀರ್ಮಾನ ಮಾಡೋದು ಕೋರ್ಟು, ಪಂಚಾಯ್ತಿ ಅಲ್ಲ. ಟಾರು ರಸ್ತೆ ತಿರುವಿಗೆ ಹಂಪ್ ಹಾಕ್ಸಿ ಅಂತ ಕೇಳಿದ್ದಕ್ಕೂ ಅದೇ ಥರ ಉತ್ತರ: ಆ ರಸ್ತೆ ಲೋಕೋಪಯೋಗಿ ಇಲಾಖೆಯದು, ನಾವು ಪತ್ರ ಬರೀಬಹುದು ಅಷ್ಟೆ.

ನನಗೆ ಬೇಜಾರಾಯ್ತು. ಎಲ್ಲದಕ್ಕೂ ಇನ್ನೊಬ್ಬರ ಕಡೆ ಕೈ ತೋರಿಸೋದಾದರೆ ಪಂಚಾಯ್ತಿ ಯಾಕಿರಬೇಕು? ಮೇಷ್ಟ್ರು ವಾಪಸ್ ಬರುವಾಗ ಇಂಗ್ಲೆಂಡಿನ ಕಥೆ ಹೇಳಿದರು. ಅಲ್ಲೂ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್ ಅಂತ ಇದೆ, 1894ರ ಕಾಯ್ದೆಯಿಂದ ಬಂದದ್ದು. ಅದಕ್ಕೆ ಮನೆ ಕಟ್ಟೋ ಅನುಮತಿ ಕೊಡೋ ಅಧಿಕಾರವೂ ಇಲ್ಲ. ಯಾರಾದರೂ ಅರ್ಜಿ ಹಾಕಿದರೆ ತನ್ನ ಅಭಿಪ್ರಾಯ ಬರೆದು ಮೇಲಿನ ಕೌನ್ಸಿಲ್‌ಗೆ ಕಳಿಸುತ್ತೆ, ತೀರ್ಮಾನ ಅವರದು. ಆ ಲೆಕ್ಕದಲ್ಲಿ ನಮ್ಮ ಪಂಚಾಯ್ತೀಗೇ ಅಧಿಕಾರ ಹೆಚ್ಚು. ಆದರೆ ಕಾಲುದಾರಿ ವಿಷಯದಲ್ಲಿ ಅವರು ಒಂದು ಕೆಲಸ ಮಾಡಿದ್ದಾರೆ. 1949ರಲ್ಲಿ ಒಂದು ಕಾಯ್ದೆ ತಂದು, ಜನ ನಡೆಯೋ ದಾರಿಗಳನ್ನೆಲ್ಲ ನಕ್ಷೆ ಮಾಡಿಸಿದರು. ಎಷ್ಟೋ ಕಡೆ ಪ್ಯಾರಿಷ್ ಕೌನ್ಸಿಲ್‌ನವರೇ ತಮ್ಮ ಊರಿನ ದಾರಿಗಳನ್ನ ನಡೆದು ನೋಡಿ ಪಟ್ಟಿ ಬರೆದುಕೊಟ್ಟರಂತೆ. ಒಂದು ಸಲ ಆ ನಕ್ಷೆಗೆ ಸೇರಿದ ಮೇಲೆ, ಹೊಲ ಯಾರದೇ ಆಗಿರಲಿ, ದಾರಿ ಮುಚ್ಚೋ ಹಾಗಿಲ್ಲ. ನಮ್ಮಲ್ಲೂ ಯಾರಾದರೂ ಅಜ್ಜಿಯ ಕಾಲದಲ್ಲೇ ಆ ಬದುವಿನ ದಾರಿಗೆ ಒಂದು ಚುಕ್ಕೆ ಗೆರೆ ಎಳೆದಿದ್ದರೆ ಅಂತ ಅನ್ನಿಸ್ತು.

2025ರ ಫೆಬ್ರವರೀಲಿ ಸರ್ವೆಯವರು ಬಂದು ಸರಪಳಿ ಹಿಡಿದರು. ಮೊದಲರ್ಧದ ಬೇಲಿ ಹಿಂದಕ್ಕೆ ಹೋಯ್ತು. ಒತ್ತಿದ್ದೋರು ಒಂದು ವಾರ ಮಾತಾಡಿಸಲಿಲ್ಲ, ಆಮೇಲೆ ಸರಿಹೋದರು. ಎರಡನೇ ಅರ್ಧಕ್ಕೆ ಕಾಯ್ದೆ ಕೆಲಸ ಮಾಡಲಿಲ್ಲ, ಅಜ್ಜಿ ಮಾಡಿದಳು. ಒಂದು ಸಂಜೆ ನಮ್ಮ ವಾರ್ಡಿನ ಮೆಂಬರನ್ನ ಕರ್ಕೊಂಡು ದೊಡ್ಡಪ್ಪನ ಮನೆಗೆ ಹೋದಳು. ನಾನೂ ಹಿಂದೆ ಹೋದೆ. "ನಿಮ್ಮಪ್ಪ ಈ ಬದುವಿಗೆ ಒಂದಿನಾನೂ ಮುಳ್ಳು ಹಾಕ್ಲಿಲ್ಲ ಕಣಪ್ಪಾ" ಅಂದಳು, ಅಷ್ಟೆ. ದೊಡ್ಡಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ದನ ನುಗ್ತವೆ ಅಂತ ತಂತಿ ಹಾಕಿಸಿದ್ದು. ಪೂರ್ವದ ಕಡೆ ನಾಲ್ಕಡಿ ಬಿಡ್ತೀನಿ, ಮಕ್ಕಳು ಓಡಾಡ್ಕೊಳ್ಳಲಿ" ಅಂದರು. ಆ ಜೂನಿನಿಂದ ನಾವು ಅಲ್ಲೇ ಬರ್ತಿದೀವಿ.

ಆದರೆ ಕಥೆ ಪೂರ್ತಿ ಮುಗಿದಿಲ್ಲ. ಮಳೆ ಬಂದರೆ ಆ ನಾಲ್ಕಡಿ ಪೂರ್ತಿ ಕೆಸರು. ಮೊರಂ ಹಾಕಿಸಿ ಅಂತ ಕೇಳಿದರೆ ಪಂಚಾಯ್ತಿ ಆಗೋದಿಲ್ಲ ಅಂತು. ಹಣವಿಲ್ಲ ಅಂತ ಅಲ್ಲ. 15ನೇ ಹಣಕಾಸು ಆಯೋಗದ ಹಣ ಬರ್ತಿತ್ತು. 2021-22ರಿಂದ 2025-26ರವರೆಗಿನ ಆ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ 40 ಪಾಲನ್ನ ಊರಿಗೆ ಬೇಕಾದ ಬೇರೆ ಕೆಲಸಕ್ಕೆ ಬಳಸಬಹುದಿತ್ತು. ತೊಂದರೆ ಏನೆಂದರೆ ಸರ್ಕಾರದ ಹಣವನ್ನ ಒಬ್ಬರ ಸ್ವಂತ ಜಮೀನಿನಲ್ಲಿ ಹಾಕೋ ಹಾಗಿಲ್ಲ. ದೊಡ್ಡಪ್ಪ ಆ ನಾಲ್ಕಡಿಯನ್ನ ಪಂಚಾಯ್ತಿ ಹೆಸರಿಗೆ ದಾನಪತ್ರ ಮಾಡಿಕೊಡಬೇಕು. ಬಾಯಲ್ಲಿ ಬಿಟ್ಟಿದ್ದು ಕಾಗದಕ್ಕೆ ಬರಬೇಕು. ಅವರು ಇನ್ನೂ ಯೋಚನೆ ಮಾಡ್ತಿದ್ದಾರೆ. ಅವರ ಮಗ ಬೆಂಗಳೂರಲ್ಲಿದ್ದಾನೆ, ಅವನನ್ನ ಕೇಳಬೇಕಂತೆ. ನನಗೆ ಭಯ ಏನಂದರೆ, ನಾಳೆ ಅವರು ಆ ಜಾಗ ಮಾರಿದರೆ ಕೊಂಡೋರಿಗೆ ಅಜ್ಜಿಯ ಮಾತು ಗೊತ್ತಿರೋದಿಲ್ಲ.

ಪಂಚಾಯ್ತಿಯ ಸ್ವಂತ ಹಣ ಅಂತಲೂ ಇದೆ, ಮನೆ ಕಂದಾಯ, ನೀರಿನ ತೆರಿಗೆಯಿಂದ ಬರೋದು. ಹಳ್ಳದ ಇಳಿಜಾರಿಗಾದರೂ ಅದರಲ್ಲಿ ಎರಡು ಗಾಡಿ ಕಲ್ಲು ಹಾಕಿಸಬಾರದಾ ಸಾರ್ ಅಂತ ಕೇಳಿದೆ. ಅದು 'ಬಿ' ಖರಾಬಿನ ಜಾಗವಾದ್ದರಿಂದ ಹಾಕಿಸಬಹುದು ಅಂದರು. ಆಮೇಲೆ ಬಿಲ್ ಕಲೆಕ್ಟರ್ ಅಣ್ಣನಿಂದ ರಿಜಿಸ್ಟರ್ ತರಿಸಿ ನಮ್ಮ ಕೇರಿಯ ಪುಟ ತೆಗೆದು ಸುಮ್ಮನೆ ನನ್ನ ಮುಂದೆ ಇಟ್ಟರು. ನಮ್ಮ ಮನೆಯದೇ ಮೂರು ವರ್ಷದ ಕಂದಾಯ ಬಾಕಿ. ನಾಚಿಕೆಯಾಗಿ ತಲೆ ತಗ್ಗಿಸಿದೆ. ಅಪ್ಪ ಈಗ ಕಟ್ಟಿದ್ದಾರೆ. ಕೇರಿಯ ಇನ್ನೂ ಹನ್ನೊಂದು ಮನೆಯವರದು ಬಾಕಿ ಇದೆ. ಯಾರು ಯಾರು ಅಂತ ಇಲ್ಲಿ ಬರೆಯೋದಿಲ್ಲ.

ಮುಂದಿನ ವಾರ್ಡ್ ಸಭೆಯ ನೋಟಿಸನ್ನ ಹಾಲಿನ ಡೇರಿ ಗೋಡೆಗೆ ಅಂಟಿಸಿದ್ದಾರೆ. ಅಜ್ಜಿ ಹೋಗ್ತಾಳಂತೆ. ದೊಡ್ಡಪ್ಪನನ್ನೂ ಕರ್ಕೊಂಡೇ ಹೋಗ್ತೀನಿ ಅಂದಿದ್ದಾಳೆ. ಏನಾಯ್ತು ಅಂತ ಮುಂದಿನ ಸಂಚಿಕೇಲಿ ಬರೀತೀನಿ.

– ಕೆಳಗಿನ ಕೇರಿಯ ವಿದ್ಯಾರ್ಥಿನಿ, 8ನೇ ತರಗತಿ