ಗೊಂಬೆಗೆ ಉಡುಗೆ ಹೊಲಿದ ಹುಡುಗ

ಮಕ್ಕಳೇ, ನಿಮಗೆ ತುಂಬ ಇಷ್ಟವಾದ ಕೆಲಸವೊಂದನ್ನು ‘ಯಾರಾದರೂ ನಕ್ಕುಬಿಟ್ಟರೆ?’ ಎಂದು ಹೆದರಿ ಎಂದಾದರೂ ಬಚ್ಚಿಟ್ಟಿದ್ದೀರಾ? ಹಾಗೆ ಬಚ್ಚಿಟ್ಟ ಹುಡುಗನೊಬ್ಬನ ಕಥೆ ಜಪಾನಿನಲ್ಲಿದೆ. ಅವನ ಹೆಸರು ವಕಾನ ಗೋಜೋ, ವಯಸ್ಸು 15. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವರು ಅಜ್ಜ.

ಅಜ್ಜನದು ಗೊಂಬೆ ಮಾಡುವ ಕಸುಬು. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳ ಒಳಿತಿಗಾಗಿ ‘ಹಿನ ಮತ್ಸುರಿ’ ಎಂಬ ಹಬ್ಬ ನಡೆಯುತ್ತದೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆಗಳನ್ನು ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ರಾಜ ರಾಣಿ, ಕೆಳಗೆ ಸಖಿಯರು, ವಾದ್ಯ ನುಡಿಸುವವರು. ಓದುತ್ತಿದ್ದಂತೆ ಅಜ್ಜಿಯರಿಗೆ ನಮ್ಮ ದಸರೆಯ ಪಟ್ಟದ ಗೊಂಬೆಗಳು ನೆನಪಾಗಿರಬೇಕು! ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬೇಗ ಒಳಗಿಡದಿದ್ದರೆ ಮನೆಯ ಹುಡುಗಿಯ ಮದುವೆ ತಡವಾಗುತ್ತದೆ ಎಂಬ ನಂಬಿಕೆಯೂ ಅಲ್ಲಿದೆ.

ಈ ಗೊಂಬೆಗಳಿಗೆ ಹೆಸರಾದ ಊರು ಟೋಕಿಯೊಗೆ ಹತ್ತಿರದ ಇವಾತ್ಸುಕಿ. ಈಗ ಅದು ಸೈತಾಮ ನಗರದ ಭಾಗ. ಗೊಂಬೆಯ ಮುಖಕ್ಕೆ ಬಿಳಿ ಬಣ್ಣ ಬರಲು ಚಿಪ್ಪಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರ ಹಚ್ಚುವುದು ಅಲ್ಲಿನ ಹಳೆಯ ಪದ್ಧತಿ. ಆಮೇಲೆ ಸಣ್ಣ ಕುಂಚದಿಂದ ಕಣ್ಣು, ಹುಬ್ಬು, ತುಟಿ. ನಮ್ಮ ಕಥೆ ನಡೆಯುವುದೂ ಇದೇ ಊರಿನಲ್ಲಿ.

ಗೋಜೋ ಪುಟ್ಟವನಿದ್ದಾಗ ಅಜ್ಜ ಮಾಡಿದ ಗೊಂಬೆಯೊಂದನ್ನು ನೋಡಿ ಬೆರಗಾದ. ಅಷ್ಟು ಚಂದದ ವಸ್ತುವನ್ನು ಅವನು ಅದುವರೆಗೆ ನೋಡಿರಲಿಲ್ಲ. ಆದರೆ ಅವನ ಜೊತೆಗಾತಿ, ಹುಡುಗನಾಗಿ ಗೊಂಬೆ ಇಷ್ಟಪಡುತ್ತೀಯಾ ಎಂದು ಹೀಗಳೆದುಬಿಟ್ಟಳು. ಆ ಒಂದು ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ದೊಡ್ಡವನಾಗಿ ಹೈಸ್ಕೂಲು ಸೇರಿದರೂ ಅವನಿಗೆ ಗೆಳೆಯರಿಲ್ಲ. ಮನೆಗೆ ಬಂದರೆ ಕುಂಚ, ಸೂಜಿ, ಗೊಂಬೆ.

ಒಂದು ದಿನ ಶಾಲೆಯ ಹೊಲಿಗೆ ಯಂತ್ರದಲ್ಲಿ ಗೊಂಬೆಯ ಉಡುಗೆ ಹೊಲಿಯುತ್ತಿದ್ದಾಗ ಸಹಪಾಠಿ ಮರಿನ್ ಕಿತಾಗಾವ ಒಳಗೆ ಬಂದಳು. ಎಲ್ಲರೂ ಮೆಚ್ಚುವ ಮಾತುಗಾತಿ ಅವಳು. ಇನ್ನೇನು ನಗುತ್ತಾಳೆ ಎಂದು ಗೋಜೋ ಹೆದರಿ ಕುಳಿತ. ಅವಳು ನಗಲಿಲ್ಲ. ಹೊಲಿಗೆಯನ್ನು ನೋಡಿ ಕಣ್ಣರಳಿಸಿದಳು. ಆಮೇಲೆ ತಾನೇ ಹೊಲಿದ ಉಡುಪೊಂದನ್ನು ತೋರಿಸಿದಳು. ಅದರ ಅವಸ್ಥೆ ಹೇಳುವಂತಿರಲಿಲ್ಲ!

ಮರಿನ್‌ಗೆ ಕಾಸ್‌ಪ್ಲೇ ಆಸೆ. ಮೆಚ್ಚಿದ ಕಥೆಯ ಪಾತ್ರದಂತೆ ಉಡುಗೆ, ಕೃತಕ ಕೂದಲು, ಬಣ್ಣ ಎಲ್ಲ ಹಾಕಿಕೊಂಡು ಸಂಭ್ರಮಿಸುವ ಹವ್ಯಾಸ ಇದು. ನಮ್ಮ ಶಾಲೆಗಳ ಛದ್ಮವೇಷಕ್ಕೆ ದೂರದ ನೆಂಟ ಎನ್ನಿ. ಆದರೆ ಇಲ್ಲಿ ಹೆಚ್ಚಿನವರಿಗೆ ಬಹುಮಾನಕ್ಕಿಂತ ಆ ಪಾತ್ರದ ಮೇಲಿನ ಪ್ರೀತಿಯೇ ದೊಡ್ಡದು. ‘ನನಗೊಂದು ಉಡುಪು ಹೊಲಿದುಕೊಡುತ್ತೀಯಾ?’ ಎಂದು ಅವಳು ಕೇಳಿದಳು. ಗೇಣುದ್ದದ ಗೊಂಬೆಗೆ ಹೊಲಿದ ಕೈ ಆಳೆತ್ತರದ ಹುಡುಗಿಗೆ ಹೊಲಿಯಬೇಕು. ಅಳತೆ, ಕಾಗದದ ಮೇಲೆ ಗುರುತು, ಬಟ್ಟೆಯ ಆಯ್ಕೆ, ಲೇಸು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು.

ಸಾಲದ್ದಕ್ಕೆ ಎರಡೇ ವಾರದಲ್ಲಿ ಮುಗಿಸಬೇಕೆಂದು ಗೋಜೋ ತಪ್ಪು ತಿಳಿದುಕೊಂಡ. ಮನೆಯಲ್ಲಿ ಅಜ್ಜ ಪೆಟ್ಟು ಮಾಡಿಕೊಂಡಿದ್ದಾರೆ, ಶಾಲೆಯಲ್ಲಿ ಪರೀಕ್ಷೆ. ರಾತ್ರಿಗಳು ನಿದ್ದೆಯಿಲ್ಲದೆ ಕಳೆದವು. ಕೈಬಿಡೋಣ ಎನ್ನಿಸಿದಾಗ ಮರಿನ್ ಎಷ್ಟು ಸಂತೋಷಪಟ್ಟಾಳು ಎಂಬುದು ನೆನಪಾಯಿತು. ಮುಗಿಸಿಯೇಬಿಟ್ಟ. ಅಂಥ ಗಡುವನ್ನು ತಾನು ಕೊಟ್ಟೇ ಇರಲಿಲ್ಲ ಎಂದು ತಿಳಿದ ಮರಿನ್‌ಗೆ ಅಳು ಬಂತು.

‘ಮೈ ಡ್ರೆಸ್-ಅಪ್ ಡಾರ್ಲಿಂಗ್’ ಎಂಬ ಈ ಕಥೆಯನ್ನು ಶಿನಿಚಿ ಫುಕುಡ ಅವರು 2018ರಿಂದ ಚಿತ್ರಕಥೆಯಾಗಿ ಬರೆದರು. 2022ರಲ್ಲಿ ಅದು ‘ಅನಿಮೆ’, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಯಾಯಿತು. 2025ರಲ್ಲಿ ಎರಡನೆಯ ಭಾಗವೂ ಬಂತು. ಹುಡುಗ ಹುಡುಗಿಯ ನಾಚಿಕೆ, ತಮಾಷೆ, ಪ್ರೀತಿ ಎಲ್ಲವೂ ಇದರಲ್ಲಿದೆ. ಆದರೆ ನೋಡುಗರು ಅಂಟಿಕೊಂಡು ಕುಳಿತದ್ದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಉಡುಪು ಬಟ್ಟೆಯ ತುಂಡಿನಿಂದ ಮೆಲ್ಲಗೆ ಎದ್ದುಬರುವುದನ್ನು ನೋಡುವ ಸುಖವೇ ಬೇರೆ. ಹೊಲಿಗೆ ಅರಿಯದವರೂ ‘ಓಹೋ, ಹೀಗೋ!’ ಎನ್ನುತ್ತಾರೆ.

ಅದಕ್ಕೂ ದೊಡ್ಡ ವಿಷಯವೊಂದಿದೆ. ಗೋಜೋನ ಕೈಗುಣ ಹೊಸದಾಗಿ ಬಂದದ್ದಲ್ಲ. ಗೊಂಬೆಯ ಮುಖ ಬರೆದು ಪಳಗಿದ ಕೈ ಮರಿನ್‌ಗೆ ಬಣ್ಣ ಹಚ್ಚಲು ನೆರವಾಯಿತು. ನಾಚಿಕೆಯಿಂದ ಮುಚ್ಚಿಟ್ಟ ಅಜ್ಜನ ಕಸುಬೇ ಅವನಿಗೆ ಗೆಳೆಯರನ್ನು ತಂದುಕೊಟ್ಟಿತು. ಅವನು ಬದಲಾಗಬೇಕಾಗಿರಲಿಲ್ಲ. ನಗದೆ ನೋಡುವ ಒಂದು ಜೊತೆ ಕಣ್ಣು ಬೇಕಾಗಿತ್ತು, ಅಷ್ಟೆ.

ಹಿರಿಯರಿಗೆ ಒಂದು ಮಾತು. ಇದು ಪುಟ್ಟ ಮಕ್ಕಳಿಗೆಂದು ಮಾಡಿದ ಧಾರಾವಾಹಿಯಲ್ಲ. ಚಿಕ್ಕವರು ನೋಡಬಾರದ ದೃಶ್ಯಗಳು ಇದರಲ್ಲಿ ಸಾಕಷ್ಟಿವೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಇದರ ಬಗ್ಗೆ ಮಾತೆತ್ತಿದರೆ ಗದರಬೇಡಿ, ಮೊದಲು ನೀವೇ ಸ್ವಲ್ಪ ನೋಡಿ. ಚಿಕ್ಕವರಿಗೆ ಈಗ ಈ ಕಥೆ ಹೇಳಿದರೆ ಸಾಕು.

ಇನ್ನು ಮಕ್ಕಳೇ, ನಿಮ್ಮ ತರಗತಿಯಲ್ಲೂ ಒಬ್ಬ ಗೋಜೋ ಇರಬಹುದು. ರಂಗೋಲಿ ಹಾಕುವ ಹುಡುಗನೋ, ಸೈಕಲ್ ಬಿಚ್ಚಿ ಜೋಡಿಸುವ ಹುಡುಗಿಯೋ. ಅವರ ಕೆಲಸ ಕಣ್ಣಿಗೆ ಬಿದ್ದ ದಿನ ನೀವು ಏನು ಹೇಳುತ್ತೀರಿ? ಆ ಮಾತನ್ನು ಅವರು ಬಹಳ ವರ್ಷ ನೆನಪಿಟ್ಟುಕೊಳ್ಳುತ್ತಾರೆ.