ಗೊಮ್ಮಟ: ಒಂದು ವ್ಯಕ್ತಿನಾಮದ ವಿಚಾರ

ಕಳೆದ ವರ್ಷ ನಮ್ಮ ಪರಿಚಯದ ಶ್ರಾವಕರೊಬ್ಬರು ತಮ್ಮ ಮೊಮ್ಮಗನಿಗೆ ‘ಗೊಮ್ಮಟ’ನೆಂದು ಹೆಸರಿಡಲು ಬಯಸಿದರು. ನಾಮಕರ್ಮಕ್ಕೆ ಬಂದಿದ್ದ ಪುರೋಹಿತರು ಒಪ್ಪಲಿಲ್ಲ. ಅದು ಬೆಟ್ಟದ ಮೇಲಿನ ಸ್ವಾಮಿಯ ಹೆಸರು, ಮನುಷ್ಯರ ಹೆಸರಲ್ಲ. ಜಿನಸಹಸ್ರನಾಮದಲ್ಲಿಯೂ ಅದು ಇಲ್ಲ. ಆದುದರಿಂದ ಮಗುವಿಗೆ ಇಡತಕ್ಕದ್ದಲ್ಲವೆಂಬುದು ಅವರ ವಾದ. ಇಬ್ಬರೂ ಒಟ್ಟಿಗೆ ನನ್ನಲ್ಲಿಗೆ ಬಂದರು. ಅಂದು ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಿದ್ವಾಂಸರ ಮುಂದೆ ಇಡುತ್ತಿದ್ದೇನೆ.

ಸಹಸ್ರನಾಮದ ಆಕ್ಷೇಪಕ್ಕೆ ಸಮಾಧಾನ ಸುಲಭ. ಜಿನಸೇನಾಚಾರ್ಯರು ಆದಿಪುರಾಣದ 38ನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ಹೇಳುವಾಗ, ಜನನದಿಂದ 12 ದಿನಗಳು ಕಳೆದ ಮೇಲೆ ನಾಮಕರ್ಮವನ್ನು ವಿಧಿಸಿದ್ದಾರೆ. ವಂಶವನ್ನು ಬೆಳಗಿಸುವ ಶುಭನಾಮವನ್ನು ಇಡಬೇಕು. ಅಥವಾ ಜಿನೇಂದ್ರನ 1008 ನಾಮಗಳಲ್ಲಿ ಒಂದನ್ನು ಘಟಪತ್ರವಿಧಿಯಿಂದ ಆರಿಸಿಕೊಳ್ಳಬೇಕು. ‘ಅಥವಾ’ ಎಂಬ ವಿಕಲ್ಪ ಅಲ್ಲಿ ಸ್ಪಷ್ಟವಾಗಿದೆ. ಸಹಸ್ರನಾಮದಲ್ಲಿ ಇಲ್ಲದ ಮಾತ್ರಕ್ಕೆ ಒಂದು ಹೆಸರು ತ್ಯಾಜ್ಯವಾಗುವುದಿಲ್ಲ.

ಇನ್ನೊಂದು ಆಕ್ಷೇಪವೇ ವಿಚಾರಾರ್ಹ. ಗೊಮ್ಮಟವೆಂಬುದು ಮೊದಲು ದೇವರ ಹೆಸರೋ, ಮನುಷ್ಯನ ಹೆಸರೋ?

ಈ ಪ್ರಶ್ನೆಗೆ ಮುಖ್ಯ ಆಧಾರ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ. ಜೀವಕಾಂಡದ ಕೊನೆಯ ಗಾಥೆಯಲ್ಲಿ ಆಚಾರ್ಯರು, ಭುವನಗುರುಗಳಾದ ಅಜಿತಸೇನರು ಯಾವನ ಗುರುಗಳೋ ಆ ‘ರಾಯ ಗೊಮ್ಮಟ’ನು ಜಯಿಸಲಿ ಎಂದು ಹರಸಿದ್ದಾರೆ. ಅಜಿತಸೇನರು ಚಾವುಂಡರಾಯನ ಗುರುಗಳೆಂಬುದೂ ‘ರಾಯ’ ಎಂಬುದು ಅವನ ಪ್ರಸಿದ್ಧ ಹೆಸರೆಂಬುದೂ ಸರ್ವವಿದಿತ. ಕವಿ ರನ್ನನು ತನ್ನ ಮಗನಿಗೆ ರಾಯನೆಂದು ಹೆಸರಿಟ್ಟುದು ಈತನ ಮೇಲಣ ಗೌರವದಿಂದಲೇ. ಕರ್ಮಕಾಂಡದ ಅಂತ್ಯದ ಗಾಥೆಗಳು ಇನ್ನೂ ಮುಂದೆ ಹೋಗುತ್ತವೆ. ಅಲ್ಲಿ ಗೊಮ್ಮಟರಾಯನು ರಚಿಸಿದ ದೇಶಿಯ ಉಲ್ಲೇಖವೂ ಅದರೊಡನೆಯೇ ‘ವೀರಮಾರ್ತಂಡಿ’ ಎಂಬ ಪದದ ಪ್ರಾಕೃತರೂಪವೂ ಬರುತ್ತವೆ. ವೀರಮಾರ್ತಂಡನೆಂಬುದು ಚಾವುಂಡರಾಯನ ಬಿರುದು. ಗುರುವಿನ ಹೆಸರು ಮತ್ತು ಬಿರುದು ಎರಡೂ ಕೂಡಿಬಂದ ಮೇಲೆ ಗೊಮ್ಮಟನೆಂದರೆ ಚಾವುಂಡರಾಯನೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಕರ್ಮಕಾಂಡದ ಅದೇ ಭಾಗದ ಮತ್ತೊಂದು ಗಾಥೆಯನ್ನು ಪಂಡಿತರು ನಿಧಾನವಾಗಿ ಓದಬೇಕು. ಅದರಲ್ಲಿ ಸೂತ್ರಗ್ರಂಥಕ್ಕೆ ಗೊಮ್ಮಟ, ಶಿಖರಕ್ಕೆ ಗೊಮ್ಮಟ, ಶಿಖರದ ಮೇಲಿನ ಜಿನನಿಗೆ ಗೊಮ್ಮಟ, ರಾಯನಿಗೂ ಗೊಮ್ಮಟ ಎಂಬ ಪದವಿದೆ. ಆದರೆ ರಾಯನು ಮಾಡಿಸಿದ ಬಾಹುಬಲಿಯ ಮಹಾಬಿಂಬಕ್ಕೆ ಮಾತ್ರ ಆಚಾರ್ಯರು ಬಳಸಿದುದು ‘ದಕ್ಷಿಣ ಕುಕ್ಕುಟಜಿನ’ ಎಂಬ ಹೆಸರು. ಶಿಖರದ ಗೊಮ್ಮಟಜಿನನು ಚಾವುಂಡರಾಯನ ಬಸದಿಯಲ್ಲಿದ್ದ ನೇಮಿನಾಥನ ಇಂದ್ರನೀಲ ಬಿಂಬವೆಂದು ವ್ಯಾಖ್ಯಾನದ ಅಭಿಪ್ರಾಯ. ಅಂದರೆ ಬಾಹುಬಲಿಗೆ ಇಂದು ರೂಢವಾಗಿರುವ ಹೆಸರು ಆ ಗಾಥೆಯಲ್ಲಿ ಬಾಹುಬಲಿಯೊಬ್ಬನನ್ನು ಬಿಟ್ಟು ಉಳಿದೆಲ್ಲಕ್ಕೂ ಸಂದಿದೆ! ಗ್ರಂಥ, ಬೆಟ್ಟ, ಬಿಂಬ ಈ ಮೂರಕ್ಕೂ ಸಮಾನವಾದುದು ಒಂದೇ, ಅವು ಚಾವುಂಡರಾಯನ ಸಂಬಂಧವುಳ್ಳವು ಎಂಬುದು.

ಬಾಹುಬಲಿಯ ಚರಿತವನ್ನು ಹೇಳುವ ಪೂರ್ವಗ್ರಂಥಗಳೂ ಇದಕ್ಕೆ ಅನುಕೂಲವಾಗಿವೆ. ಜಿನಸೇನರ ಆದಿಪುರಾಣದಲ್ಲಾಗಲಿ, 941ರ ಪಂಪನ ಆದಿಪುರಾಣದಲ್ಲಾಗಲಿ, 978ರ ಚಾವುಂಡರಾಯಪುರಾಣದಲ್ಲಾಗಲಿ ಬಾಹುಬಲಿಗೆ ಗೊಮ್ಮಟನೆಂಬ ಹೆಸರಿಲ್ಲ. ಮಹಾಬಿಂಬದ ಪಾದದ ಬಳಿಯ ಕಿರುಶಾಸನಗಳು ಮಾಡಿಸಿದವನ ಹೆಸರನ್ನು ಹೇಳುತ್ತವೆ, ದೇವರ ಹೆಸರನ್ನು ಹೇಳುವುದಿಲ್ಲ. ಸುಮಾರು 1180ರ ಬೊಪ್ಪಣಪಂಡಿತನ ಶಾಸನದ ವೇಳೆಗಾದರೋ ಗೊಮ್ಮಟನೆಂಬುದು ಸ್ವಾಮಿಯ ಹೆಸರಾಗಿ ನೆಲೆಗೊಂಡಿತ್ತು. ಗೊಮ್ಮಟನ ಈಶ್ವರನು ಗೊಮ್ಮಟೇಶ್ವರ. ಭಕ್ತನ ಹೆಸರು ದೇವರಿಗೆ ಸೇರುವುದು ನಮ್ಮ ನಾಡಿನ ದೇವಾಲಯಗಳಲ್ಲಿ ಅಪರೂಪವೇನಲ್ಲ. ಡಾ. ಆ. ನೇ. ಉಪಾಧ್ಯೆಯವರು ಪ್ರತಿಪಾದಿಸಿದ ಈ ಪಕ್ಷವೇ ನನಗೂ ಸಮ್ಮತ. ಚಾವುಂಡರಾಯಪುರಾಣದಲ್ಲಿ ಕರ್ತೃವಿಗೂ ಈ ಹೆಸರು ಬಂದಿಲ್ಲವೆಂಬುದು ಈ ಪಕ್ಷದ ದೌರ್ಬಲ್ಯವೆಂಬುದನ್ನು ಮರೆಮಾಚಬೇಕಿಲ್ಲ. ಮನೆಯಲ್ಲಿ ಕರೆಯುವ ಹೆಸರನ್ನು ಬಿರುದಾವಳಿಯ ನಡುವೆ ಹಾಕಿಕೊಳ್ಳುವವರು ಕಡಿಮೆಯೆಂಬುದೇ ನಾನು ಕೊಡಬಲ್ಲ ಉತ್ತರ.

ಮಂಜೇಶ್ವರದ ಗೋವಿಂದ ಪೈಗಳ ಪಕ್ಷ ಬೇರೆ. ಬಾಹುಬಲಿ ಮೊದಲನೆಯ ಕಾಮದೇವ. ಆದುದರಿಂದ ಸಂಸ್ಕೃತದ ‘ಮನ್ಮಥ’ವೇ ಪ್ರಾಕೃತದ ದಾರಿಯಿಂದ ‘ಗೊಮ್ಮಟ’ವಾಯಿತೆಂದು ಅವರು ಸಾಧಿಸಿದರು. ಅರ್ಥ ಬಹಳ ಸೊಗಸಾಗಿ ಹೊಂದುತ್ತದೆ, ಶಬ್ದ ಹೊಂದುವುದಿಲ್ಲ. ವರರುಚಿ ಮತ್ತು ಹೇಮಚಂದ್ರರ ವ್ಯಾಕರಣಗಳಂತೆ ಮನ್ಮಥನ ಪ್ರಾಕೃತರೂಪ ‘ವಮ್ಮಹ’. ಅಲ್ಲಿಂದ ಗೊಮ್ಮಟಕ್ಕೆ ಬರಲು ಆದಿಯ ವಕಾರ ಗಕಾರವಾಗಬೇಕು, ಹಕಾರದ ಸ್ಥಾನದಲ್ಲಿ ಟಕಾರ ನಿಲ್ಲಬೇಕು. ಎರಡು ಹೆಜ್ಜೆಗೂ ನೆಲ ಗಟ್ಟಿಯಿಲ್ಲ. ಅಲ್ಲದೆ ಆ ಅರ್ಥವನ್ನೇ ಹಿಡಿದರೆ ಕರ್ಮಸಿದ್ಧಾಂತದ ಮಹಾಗ್ರಂಥಕ್ಕೆ ‘ಮನ್ಮಥಸಾರ’ವೆಂಬ ಹೆಸರು ಬಂದೀತು!

ಹಾಗಾದರೆ ಪದದ ಅರ್ಥವೇನು? ಮರಾಠಿಯಲ್ಲಿ ‘ಗೋಮಟಾ’, ಕೊಂಕಣಿಯಲ್ಲಿ ‘ಗೊಮ್ಟೊ’ ಎಂದರೆ ಚೆಲುವ, ಅಂದವಾದವನು. ಜ್ಞಾನೇಶ್ವರಿಯಲ್ಲಿಯೂ ಈ ಪದ ದೊರೆಯುತ್ತದೆ. ಕೂಸನ್ನು ಮುದ್ದಿನಿಂದ ಕರೆಯಲು ಇದಕ್ಕಿಂತ ಒಪ್ಪುವ ಅರ್ಥ ಬೇಕಿಲ್ಲ. ಇದರ ಮೂಲವನ್ನು ಇನ್ನೂ ಹಿಂದಕ್ಕೆ ಹುಡುಕುವವರು ಹೇಮಚಂದ್ರನ ಧಾತ್ವಾದೇಶಗಳನ್ನು ನೋಡಬೇಕು. ಅಲ್ಲಿ ‘ಮುಹ್’ ಧಾತುವಿಗೆ ಗುಮ್ಮ, ಗುಮ್ಮಡ ಎಂಬ ಆದೇಶಗಳಿವೆ. ಅದರಿಂದ ‘ಮೋಹಗೊಳಿಸುವವನು’ ಎಂಬ ಅರ್ಥ ಬರಬಹುದು. ಆದರೆ ಪ್ರಾಕೃತದಲ್ಲಿ ಸ್ವರಮಧ್ಯದ ಟಕಾರ ಡಕಾರವಾಗುವುದು ಸಹಜ, ಡಕಾರ ಟಕಾರವಾಗುವುದು ವಿರಳ. ಆದುದರಿಂದ ಇದನ್ನು ನಾನು ಊಹೆಯ ಮಟ್ಟದಲ್ಲಿಯೇ ಇಡುತ್ತೇನೆ.

ರೂಪದ ಬಗೆಗೆ ಹಸ್ತಪ್ರತಿಗಳನ್ನು ಓದುವವರು ಎಚ್ಚರದಿಂದಿರಬೇಕು. ಹಳಗನ್ನಡ ಓಲೆಗಳಲ್ಲಿ ಒತ್ತಿನ ಬದಲು ಬಿಂದುವನ್ನಿಟ್ಟು ‘ಗೊಂಮಟ’ ಎಂದು ಬರೆಯುವುದು ವಾಡಿಕೆ. ಒಕಾರ ಓಕಾರಗಳಿಗೆ ಲಿಪಿಯಲ್ಲಿ ಭೇದ ಕಾಣಿಸುವುದೂ ಇಲ್ಲ. ನಾಗರಿಯಲ್ಲಿ ಹ್ರಸ್ವ ಒಕಾರವೇ ಇಲ್ಲವಾದುದರಿಂದ ಉತ್ತರದ ಪ್ರತಿಗಳಲ್ಲಿ ಅದು ದೀರ್ಘವಾಯಿತು, ಬಳಿಕ ದ್ವಿತ್ವವೂ ಕಳೆದು ‘ಗೋಮಟ’ವಾಯಿತು. ಮೊದಲಲ್ಲಿ ‘ಗೋ’ ಕಂಡೊಡನೆ ಸಂಸ್ಕೃತದ ಗೋಶಬ್ದದಿಂದ ವ್ಯುತ್ಪತ್ತಿ ಹೇಳುವವರೂ ಹುಟ್ಟಿಕೊಂಡರು. ಅದು ಲಿಪಿಯಿಂದ ಹುಟ್ಟಿದ ಅರ್ಥ. ‘ಗುಮ್ಮಟ’ವೆಂಬ ಉಕಾರರೂಪ ಮಾತ್ರ ಲಿಪಿದೋಷವಲ್ಲ, ನಿಜವಾದ ಉಚ್ಚಾರಭೇದ, ಕನ್ನಡದಲ್ಲಿ ಒಕಾರ ಉಕಾರಗಳ ಪಲ್ಲಟ ಸಾಮಾನ್ಯ. ಆದರೆ ವಿಜಾಪುರದ ಗೋಳಗುಮ್ಮಟದ ‘ಗುಮ್ಮಟ’ ಪಾರಸಿಯ ಗುಂಬದ್ ಶಬ್ದದಿಂದ ಬಂದುದು. ಧ್ವನಿ ಒಂದಾದರೂ ಇವೆರಡಕ್ಕೆ ಯಾವ ಸಂಬಂಧವೂ ಇಲ್ಲ.

ವ್ಯಕ್ತಿನಾಮವಾಗಿ ಈ ಪದ ಚಾವುಂಡರಾಯನೊಡನೆ ಮುಗಿಯಲೂ ಇಲ್ಲ. ಬೆಳಗೊಳದ ಶಾಸನಗಳಲ್ಲಿಯೇ ಗೊಮ್ಮಟಸೆಟ್ಟಿ ಎಂಬ ಹೆಸರಿದೆ. ಅಲ್ಲಿಯ ಬಸದಿಗಳ ಜೀರ್ಣೋದ್ಧಾರ ಮಾಡಿಸಿದ ಗೇರುಸೊಪ್ಪೆಯ ಗುಮ್ಮಟಣ್ಣನೂ ಇದ್ದಾನೆ. ಇವರು ಸ್ವಾಮಿಯ ಹೆಸರನ್ನು ಇಟ್ಟುಕೊಂಡವರೆಂದು ತೋರುತ್ತದೆ. ಹಾಗಾದರೆ ಮನುಷ್ಯನಿಂದ ದೇವರಿಗೆ ಹೋದ ಹೆಸರು ದೇವರಿಂದ ಮತ್ತೆ ಮನುಷ್ಯರಿಗೆ ಬಂದಿತು.

ಪುರೋಹಿತರು ಜೀವಕಾಂಡದ ಕೊನೆಯ ಗಾಥೆಯನ್ನು ತಾವೇ ಎರಡು ಸಲ ಓದಿ ನೋಡಿದರು. ಮಗುವಿನ ಕಿವಿಯಲ್ಲಿ ಆ ಹೆಸರನ್ನೇ ಹೇಳಿದರು. ಬರೆದಿಡುವಾಗ ಹ್ರಸ್ವ ‘ಗೊ’, ಅದರ ಮುಂದೆ ದ್ವಿತ್ವದ ಮಕಾರ ಇರಲಿ ಎಂದಷ್ಟೇ ನಾನು ಆ ಅಜ್ಜನಿಗೆ ಸೂಚಿಸಿದೆ.