ಹಳೆಯ ಸೇನಾ ಜೀಪಿನ ಸಂಖ್ಯೆಗಳು: ಗುರುತು ಮತ್ತು ಪ್ರಮಾಣ

ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನೋಡದ ವಿದ್ಯಾರ್ಥಿಗಳು ನಮ್ಮ ಭಾಗದಲ್ಲಿ ವಿರಳ. 1549ರಲ್ಲಿ ಅಹಮದನಗರದಲ್ಲಿ ಅದನ್ನು ಎರಕ ಹೊಯ್ದವನ ಹೆಸರು ಅದರ ಮೇಲಿದೆ. 1686ರಲ್ಲಿ ವಿಜಯಪುರವನ್ನು ಗೆದ್ದ ಔರಂಗಜೇಬನ ಬರಹವೂ ಅದರ ಮೇಲೆಯೇ ಇದೆ. ಎರಡನೆಯದು ಮೊದಲನೆಯದನ್ನು ಅಳಿಸಲಿಲ್ಲ. ಆದುದರಿಂದಲೇ ಆ ಫಿರಂಗಿ ಎಲ್ಲಿ ಹುಟ್ಟಿ ಯಾರ ಕೈ ಸೇರಿತೆಂಬುದನ್ನು ನಾವು ಇಂದು ಬಲ್ಲೆವು. ಇಪ್ಪತ್ತನೆಯ ಶತಮಾನದ ಸೇನಾ ವಾಹನಗಳ ಮೇಲಿನ ಸಂಖ್ಯೆಗಳಿಗೂ ಇದೇ ಬೆಲೆಯುಂಟು. ಅವುಗಳನ್ನು ಓದುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಜಮಖಂಡಿಯ ಬಳಿ, ರೈತರೇ ದುಡಿದು 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜಿನಿಂದ ಹೆಸರಾದ ಚಿಕ್ಕಪಡಸಲಗಿಯಂಥ ಊರೊಂದರ ಕೊಟ್ಟಿಗೆಯಲ್ಲಿ ಹಳೆಯ ಜೀಪೊಂದು ನಿಂತಿದೆಯೆಂದು ಭಾವಿಸೋಣ. ಮಾಲೀಕನು ಅದನ್ನು ಮೊದಲಿನ ರೂಪಕ್ಕೆ ತರಬಯಸುತ್ತಾನೆ. ಇದು ನಿಜವಾಗಿ ಎರಡನೆಯ ಮಹಾಯುದ್ಧ ಕಾಲದ ಜೀಪೇ ಎಂಬುದು ಅವನ ಮೊದಲ ಪ್ರಶ್ನೆ.

ಉತ್ತರ ಸುಲಭವಲ್ಲ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಕಂಪನಿ ‘ಎಂಬಿ’ ಮಾದರಿಯ ಸುಮಾರು 3,60,000 ಜೀಪುಗಳನ್ನೂ, ಫೋರ್ಡ್ ಕಂಪನಿ ‘ಜಿಪಿಡಬ್ಲ್ಯು’ ಮಾದರಿಯ ಸುಮಾರು 2,78,000 ಜೀಪುಗಳನ್ನೂ ತಯಾರಿಸಿದವು. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದೇ ಸೇನೆಯ ಉದ್ದೇಶವಾಗಿತ್ತು. ಯುದ್ಧಾನಂತರ ಸೇನೆಗೆ ಬೇಡವಾದ ಜೀಪುಗಳು ಖಾಸಗಿಯವರ ಕೈಗೆ ಬಂದವು. ಸ್ವಾತಂತ್ರ್ಯಾನಂತರ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಹೀಗಾಗಿ ಯುದ್ಧಕಾಲದ ಚಾಸಿಯ ಮೇಲೆ ನಂತರದ ಎತ್ತರದ ಬಾನೆಟ್ಟು, ಒಂದರ ಒಡಲಲ್ಲಿ ಮತ್ತೊಂದರ ಎಂಜಿನು ಕಾಣುವುದುಂಟು.

ಇಂಥ ವಾಹನದ ಮೇಲೆ ಸಂಖ್ಯೆ ಒಂದೇ ಇರುವುದಿಲ್ಲ. ಮೊದಲನೆಯದು ಚಾಸಿಯ ಸಂಖ್ಯೆ. ಫೋರ್ಡ್ ಜೀಪಿನಲ್ಲಿ ಅದನ್ನು ಚಾಸಿಯ ಎಡ ಉದ್ದತೊಲೆಯ ಮೇಲ್ಮೈಯಲ್ಲಿ, ಎಂಜಿನ್ ಕೂರುವ ಸ್ಥಳದ ಸಮೀಪ, ಉಕ್ಕಿನಲ್ಲಿಯೇ ಒತ್ತಿರುತ್ತಾರೆ. ವಿಲ್ಲಿಸ್ ಜೀಪಿನಲ್ಲಿ ಅದು ಮುಂದಿನ ಬಂಪರಿನ ಹಿಂದೆ, ಅದೇ ತೊಲೆಯ ಒಳಮಗ್ಗುಲಲ್ಲಿ, ರಿವೆಟ್ ಹೊಡೆದ ಸಣ್ಣ ತಗಡಿನ ಮೇಲಿರುತ್ತದೆ. ಎರಡನೆಯದು ಎಂಜಿನಿನ ಬಲಮಗ್ಗುಲಲ್ಲಿ, ಆಯಿಲ್ ಫಿಲ್ಟರಿನ ಬಳಿ ಒತ್ತಿದ ಸಂಖ್ಯೆ. ಮೂರನೆಯದು ಡ್ಯಾಶ್‌ಬೋರ್ಡಿನ ಫಲಕದಲ್ಲಿ, ಸೇನೆಗೆ ಒಪ್ಪಿಸಿದ ದಿನಾಂಕದೊಡನೆ ಇರುತ್ತದೆ. ನಾಲ್ಕನೆಯವು ಬಣ್ಣದಲ್ಲಿ ಬರೆದವು: ಅಮೆರಿಕದ ಸೇನೆಯಲ್ಲಿ ಜೀಪಿನ ಸಂಖ್ಯೆ 20ರಿಂದ ಆರಂಭವಾಗುತ್ತಿತ್ತು, ಬ್ರಿಟಿಷ್ ಪದ್ಧತಿಯಲ್ಲಿ ಕಾರಿನ ವರ್ಗಕ್ಕೆ ಸೇರಿದ ವಾಹನಕ್ಕೆ ‘ಎಂ’ ಅಕ್ಷರ ಮೊದಲು ಬರುತ್ತಿತ್ತು, ಇಂದಿನ ಭಾರತೀಯ ಸೇನೆಯ ಫಲಕದಲ್ಲಿ ಮೇಲ್ಮುಖವಾದ ಬಾಣವೂ ಖರೀದಿಯ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಕೊನೆಯದು ಸಾರಿಗೆ ಕಚೇರಿ ಕೊಟ್ಟ ಸಂಖ್ಯೆ.

ಇವೆಲ್ಲವೂ ಸಮಾನ ಪ್ರಮಾಣಗಳಲ್ಲ. ಇಲ್ಲಿ ಶಾಸನಶಾಸ್ತ್ರದ ಪಾಠ ನೆರವಾಗುತ್ತದೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದುದು ಓದುಗರಿಗೆ ವಿದಿತವೇ ಇದೆ. ಬಂಡೆಯ ಶಾಸನ ಇದ್ದಲ್ಲಿಯೇ ಇರುತ್ತದೆ. ತಾಮ್ರಪಟ ಕೈಯಿಂದ ಕೈಗೆ ಹೋಗುತ್ತದೆ. ಅಂತೆಯೇ ಉಕ್ಕಿನಲ್ಲಿ ಒತ್ತಿದ ಸಂಖ್ಯೆ ಬಂಡೆಯ ಬರಹದಂತೆ. ರಿವೆಟಿನ ತಗಡು ತಾಮ್ರಪಟದಂತೆ. ತಗಡನ್ನು ಕಿತ್ತು ಬೇರೊಂದು ವಾಹನಕ್ಕೆ ಹೊಡೆಯಬಹುದು. ಆದುದರಿಂದ ತಗಡಿನ ಮಾತನ್ನು ಒಡಲಿನ ಸಾಕ್ಷ್ಯದಿಂದ ಪರೀಕ್ಷಿಸಬೇಕು. ವಿಲ್ಲಿಸ್ ಚಾಸಿಯ ಮುಂದಿನ ಅಡ್ಡತೊಲೆ ದುಂಡು ಕೊಳವೆ. ಫೋರ್ಡಿನದು ಬೋರಲು ಹಾಕಿದ ದೋಣಿಯ ಆಕಾರದ್ದು. ಫೋರ್ಡ್ ತನ್ನ ಅನೇಕ ಬಿಡಿಭಾಗಗಳ ಮೇಲೆ, ಬೋಲ್ಟುಗಳ ಮೇಲೆಯೂ, ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ತಗಡು ವಿಲ್ಲಿಸ್ ಎನ್ನುತ್ತಿದ್ದು ಅಡ್ಡತೊಲೆ ಫೋರ್ಡಿನದಾಗಿದ್ದರೆ ತಗಡು ಬೇರೆಡೆಯಿಂದ ಬಂದುದೆಂದು ಶಂಕಿಸಬೇಕಾಗುತ್ತದೆ.

ಸಂಖ್ಯೆಗಳು ಪರಸ್ಪರ ಹೊಂದದಿದ್ದರೆ ವಾಹನವೇ ಸುಳ್ಳೆಂದು ತಿಳಿಯಬಾರದು. ಫೋರ್ಡ್ ಕಾರ್ಖಾನೆಯಲ್ಲಿ ಚಾಸಿಗೂ ಎಂಜಿನಿಗೂ ಒಂದೇ ಸಂಖ್ಯೆ ಕೊಡುವ ಪದ್ಧತಿಯಿತ್ತು, ವಿಲ್ಲಿಸ್‌ನಲ್ಲಿ ಇರಲಿಲ್ಲ. ಆದುದರಿಂದ ವಿಲ್ಲಿಸ್ ಜೀಪಿನಲ್ಲಿ ಎರಡೂ ಬೇರೆಯಾಗಿರುವುದು ಸಹಜ. ಫೋರ್ಡಿನಲ್ಲಿಯೂ ಸೇನಾ ಕಾರ್ಯಾಗಾರದಲ್ಲಿ ಎಂಜಿನ್ ಬದಲಾಗಿರಬಹುದು. ಆ ಬದಲಾವಣೆಯೂ ವಾಹನದ ಚರಿತ್ರೆಯ ಭಾಗವೇ. ‘ಹೊಂದಿಕೆಯಾದ ಸಂಖ್ಯೆ’ಗೆ ಹೆಚ್ಚು ಬೆಲೆ ಬರುವುದೆಂದು ಹಳೆಯ ಅಂಕಿಗಳನ್ನು ತೇಯ್ದು ಹೊಸವನ್ನು ಒತ್ತುವವನು ಜೀರ್ಣೋದ್ಧಾರ ಮಾಡುವುದಿಲ್ಲ; ಕೂಟಶಾಸನವನ್ನು ಬರೆಯುತ್ತಾನೆ.

ಸಂಖ್ಯೆಯನ್ನು ಓದುವ ಮುನ್ನ ಅರವನ್ನಾಗಲಿ ಗ್ರೈಂಡರನ್ನಾಗಲಿ ಮುಟ್ಟಬಾರದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ತೆಗೆದು, ಒಂದು ಮಗ್ಗುಲಿನಿಂದ ಓರೆಯಾಗಿ ಬೆಳಕು ಬೀಳಿಸಿದರೆ ಮಾಸಿದ ಅಂಕಿಗಳು ಎದ್ದು ಕಾಣುತ್ತವೆ. ಶಾಸನದ ಅಚ್ಚು ತೆಗೆಯುವಂತೆ, ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪ್ರತಿ ಮಾಡಿಕೊಳ್ಳಬಹುದು. ಬಾನೆಟ್ಟಿನ ಬಣ್ಣವನ್ನು ನೀರುಕಾಗದದಿಂದ ಒಂದೊಂದೇ ಪದರವಾಗಿ ತೆಗೆಯಬೇಕು. ಪ್ರತಿಯೊಂದು ಪದರದಲ್ಲಿ ಕಂಡುದರ ಛಾಯಾಚಿತ್ರ ತೆಗೆದು, ಅಳತೆ ಬರೆದಿಡಬೇಕು. ಬಣ್ಣದ ಬರಹ ಒಮ್ಮೆ ಹೋದರೆ ಮರಳಿ ಬಾರದು.

ಕಾನೂನಿನ ದೃಷ್ಟಿಯಿಂದಲೂ ಇದು ಮುಖ್ಯ. 1988ರ ಮೋಟಾರು ವಾಹನ ಕಾಯಿದೆಯ 60ನೆಯ ಪ್ರಕರಣದಂತೆ, ರಕ್ಷಣಾ ಕಾರ್ಯದ ವಾಹನವು ಗೊತ್ತುಪಡಿಸಿದ ಪ್ರಾಧಿಕಾರದಲ್ಲಿ ನೋಂದಣಿಯಾಗಿದ್ದರೆ ಬೇರೆ ನೋಂದಣಿ ಬೇಡ. ಸರ್ಕಾರದ ಸ್ವತ್ತಾಗಿ ಉಳಿಯದಾದಾಗ ಸಾಮಾನ್ಯ ನೋಂದಣಿ ಬೇಕು. ಹರಾಜಾದ ಸೇನಾ ವಾಹನಕ್ಕೆ ರಕ್ಷಣಾ ಇಲಾಖೆಯ ಅಧಿಕಾರಿ ಕೊಡುವ 21ನೆಯ ನಮೂನೆಯ ಮಾರಾಟಪತ್ರದಲ್ಲಿ ಚಾಸಿ, ಎಂಜಿನುಗಳ ಸಂಖ್ಯೆಗಳಿರುತ್ತವೆ. ಸೇನೆಯ ಬಾಳಿಗೂ ನಾಗರಿಕ ಬಾಳಿಗೂ ನಡುವಿನ ಸೇತುವೆ ಆ ಪತ್ರವೇ. 2021ರ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಒದಗಿಸಿವೆ. ಅಂಕಿಗಳನ್ನು ತಿದ್ದಿದ ಚಾಸಿ ಕಳವಿನ ಮಾಲೆಂಬ ಸಂಶಯಕ್ಕೆ ಎಡೆಮಾಡುತ್ತದೆ. ಆಗ ವಾಹನವೂ ಅದರ ಚರಿತ್ರೆಯೂ ಒಟ್ಟಿಗೆ ಕೈತಪ್ಪಬಹುದು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಬಣ್ಣ ಹಚ್ಚುವ ಮೊದಲು ಪ್ರತಿಯೊಂದು ಸಂಖ್ಯೆಯನ್ನೂ ಅದಿರುವ ಸ್ಥಾನದೊಡನೆ ಬರೆದಿಡಬೇಕು. ಅವು ಒಂದಕ್ಕೊಂದು ವಿರೋಧವಾಗಿದ್ದರೆ ಆ ವಿರೋಧವನ್ನೂ ಹಾಗೆಯೇ ಬರೆದಿಡಬೇಕು. ಕೊಟ್ಟಿಗೆಯ ಜೀಪು ಯಾರ ಕೈಯಲ್ಲಿ ಎಷ್ಟು ಬದಲಾಯಿತೆಂಬುದನ್ನು ಮುಂದಿನವರು ಅದರಿಂದಲೇ ಓದಿಕೊಳ್ಳಬೇಕಾಗಿದೆ.